ಹನ್ನೊಂದನೇ ಗಂಟಿನವರೆಗೆ

ದೊಡ್ಡಮ್ಮನನ್ನು ಕುರ್ಚಿ ಸಮೇತ ಮೂರನೇ ಸಲ ಮೆಟ್ಟಿಲು ಹತ್ತಿಸಿ ಮುಗಿಸುವ ಹೊತ್ತಿಗೆ ಅಣ್ಣನ ಬಾಯಲ್ಲಿ ಬೈಯುವುದಕ್ಕೂ ಮಾತು ಉಳಿದಿರಲಿಲ್ಲ. ಕುರ್ಚಿಯನ್ನು ನೆಲಕ್ಕಿಟ್ಟವನೇ ಗೋಡೆಗೆ ಒರಗಿ ಕುಸಿದ. ಅತ್ತಿಗೆ ಎರಡೂ ಕೈ ಮುಂದಕ್ಕೆ ಚಾಚಿ ನೋಡಿಕೊಂಡಳು. ಬೆರಳುಗಳು ಮಡಿಸಿದ್ದು ಮಡಿಸಿದ ಹಾಗೇ ನಿಂತಿದ್ದವು. ಮೆಲ್ಲಿ ಮಾತ್ರ ಕೂರಲಿಲ್ಲ. ಕೊರಳಿಗೆ ನೇತುಹಾಕಿಕೊಂಡಿದ್ದ ಚೀಲದಿಂದ ರೇಡಿಯೋ ತೆಗೆದು, ಕರೆಂಟು ತುಂಬಲು ಅದರ ಪಕ್ಕದ ಪುಟ್ಟ ಹಿಡಿಯನ್ನು ಗರಗರ ತಿರುಗಿಸತೊಡಗಿದಳು.

"ಅದನ್ನ ಸ್ವಲ್ಪ ಸುಮ್ನೆ ಬಿಡೇ," ಅಂದಳು ಕುರ್ಚಿಯಲ್ಲಿದ್ದ ದೊಡ್ಡಮ್ಮ. "ಅವಳು ಬಾಯಿ ತೆಗೆದಾಗಲೆಲ್ಲ ನನ್ನನ್ನ ಕೆಳಗಿಳಿಸ್ತೀರಿ, ಬಾಯಿ ಮುಚ್ಚಿದಾಗ ಮೇಲಕ್ಕೆ ಎಳೀತೀರಿ. ಬಾವಿ ಕೊಡ ಆಗ್ಹೋಗಿದೀನಿ ನಾನು."

ಅವಳು ಅಂದರೆ ರೇಡಿಯೋದಲ್ಲಿ ಎಚ್ಚರಿಕೆ ಓದುವ ಹೆಂಗಸು. ಬೆಳಗಿನಿಂದ ಅದೇ ದನಿ. ಏರಿಳಿತವಿಲ್ಲ, ಚಂಡಮಾರುತ ದಡ ಮುಟ್ಟಿತು ಅನ್ನುವುದನ್ನೂ ಕುಡಿಯುವ ನೀರು ತುಂಬಿಟ್ಟುಕೊಳ್ಳಿ ಅನ್ನುವುದನ್ನೂ ಒಂದೇ ತೂಕದಲ್ಲಿ ಹೇಳುತ್ತಿದ್ದಳು.

ಅವರದು ಹಾಸಿಗೆ ಹೊಲಿಯುವ ಮನೆ. ಕೆಳಗೆ ಅಂಗಡಿ, ಅಂಗಡಿಯ ಹಿಂದೆ ಮೆಟ್ಟಿಲಿನ ಅಡಿಯಲ್ಲಿ ಹತ್ತಿ ತುಂಬುವ ಕತ್ತಲ ಕೋಣೆ. ನಡುವಿನ ಮಹಡಿಯಲ್ಲಿ ಸಂಸಾರ. ಅದರ ಮೇಲೆ ತಗಡು ಹೊದಿಸಿದ ಒಂದೇ ಒಂದು ಉದ್ದನೆಯ ಕೋಣೆ. ಮುಗಿದ ಹಾಸಿಗೆಗಳನ್ನು ಒಟ್ಟುವುದು ಅಲ್ಲಿ. ಯಜಮಾನಿಕೆ ದೊಡ್ಡಮ್ಮನದು. ಗಂಡ ಹೋದ ಮೇಲೆ ಅವಳೇ ಹತ್ತಿ ಆರಿಸಿ, ಬಟ್ಟೆ ಕತ್ತರಿಸಿ, ಮಗನಿಗೂ ಸೊಸೆಗೂ ದಬ್ಬಣ ಹಿಡಿಯುವುದು ಕಲಿಸಿದ್ದಳು. ಮೆಲ್ಲಿ ಅವಳ ತಂಗಿಯ ಮಗಳು. ತಾಯಿ ತೀರಿಕೊಂಡಾಗ ಎಂಟು ವರ್ಷದ ಹುಡುಗಿ ಈ ಮನೆಗೆ ಬಂದಳು, ಇಲ್ಲೇ ಬೆಳೆದಳು. ಮೆಲ್ಲಗೆ ನಡೆಯುತ್ತಾಳೆ, ಮೆಲ್ಲಗೆ ಉಣ್ಣುತ್ತಾಳೆ, ಮಾತಾಡಿದರೆ ಇನ್ನೊಂದು ಸಲ ಕೇಳಬೇಕು ಅಂತ ದೊಡ್ಡಮ್ಮನೇ ಮೆಲ್ಲಿ ಅಂತ ಕರೆದದ್ದು. ಶಾಲೆಯ ಹೆಸರು ಯಾರಿಗೂ ನೆನಪಿಲ್ಲ.

ಮೂರು ವಾರದ ಹಿಂದೆ ಹೊಸ್ತಿಲ ಬಳಿ ಜಾರಿ ಬಿದ್ದು ದೊಡ್ಡಮ್ಮನ ಸೊಂಟದ ಮೂಳೆ ಮುರಿದಿತ್ತು. ಒಳಗೆ ಕಬ್ಬಿಣದ ಸರಳು ಕೂರಿಸಿ, ಎರಡು ತಿಂಗಳು ಕಾಲು ಊರಕೂಡದು ಎಂದು ಡಾಕ್ಟರು ಕಳಿಸಿದ್ದರು. ಅದಕ್ಕೇ ಅಂಗಡಿಯಲ್ಲೇ ಅವಳ ಮಂಚ. ಚಂಡಮಾರುತ ಬರುತ್ತದೆ ಎಂದು ಗೊತ್ತಾದ ದಿನ ಅತ್ತಿಗೆ ಹಳೇ ಮರದ ಕುರ್ಚಿಗೆ ಹಾಸಿಗೆಯ ಪಟ್ಟೆ ಬಟ್ಟೆಯಿಂದ ನಾಲ್ಕು ಮಡಿಕೆಯ ಹಿಡಿಕೆಗಳನ್ನು ಹೊಲಿದಿದ್ದಳು. ಹಿಂದೆ ಅಣ್ಣ, ಮುಂದೆ ಅತ್ತಿಗೆ. ಮುರಿದ ಕಡೆಯ ಕಾಲು ಮಡಚದ ಹಾಗೆ ಎರಡು ಕೈಯಲ್ಲಿ ಹಿಡಿದು ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಹಾಕುವುದು ಮೆಲ್ಲಿಯ ಕೆಲಸ. ದೊಡ್ಡಮ್ಮನದೋ ಗಟ್ಟಿ ದೇಹ. "ಹತ್ತಿಯಿಂದ ತುಂಬಿದ್ರೆ ಹಗುರ ಇರ್ತಿದ್ದೆ, ನಾರು ತುಂಬಿಬಿಟ್ಟಿದಾರೆ," ಎಂದು ಮೊದಲ ಸಲ ಎತ್ತಿದಾಗ ತಾನೇ ನಕ್ಕಿದ್ದಳು. ಎರಡನೇ ಸಲ ನಗಲಿಲ್ಲ.

ಆದದ್ದು ಇಷ್ಟು. ಬೆಳಿಗ್ಗೆ, ಕಾಲುವೆ ಉಕ್ಕುತ್ತಿದೆ, ತಗ್ಗಿನ ಬೀದಿಯವರು ಮೇಲಿನ ಮಹಡಿಗೆ ಹೋಗಿ ಎಂದಳು ರೇಡಿಯೋದವಳು. ಮೇನ್ ಸ್ವಿಚ್ ಆರಿಸಿ, ಮಾತ್ರೆ, ಕಾಗದಪತ್ರ, ಬ್ರೆಡ್ಡು, ನೀರಿನ ಕ್ಯಾನು ಎಲ್ಲವನ್ನೂ ನಡುಮಹಡಿಗೆ ಸಾಗಿಸಿ, ದೊಡ್ಡಮ್ಮನನ್ನೂ ಹತ್ತಿಸಿದರು. ಉಸಿರು ತಿರುಗುವುದರೊಳಗೆ, ಚಂಡಮಾರುತದ ಹೊರಸುತ್ತಿನಲ್ಲಿ ಸುಂಟರಗಾಳಿಗಳು ಏಳುತ್ತಿವೆ, ಕೆಳಗಿನ ಮಹಡಿಯ ಕಿಟಕಿಯಿಲ್ಲದ ಕೋಣೆಗೆ ಹೋಗಿ ಎಂದಳು. ಇಳಿಸಿದರು. ಹತ್ತಿ ಕೋಣೆಯಲ್ಲಿ ಮುಕ್ಕಾಲು ಗಂಟೆ ಸೀನುತ್ತ ಕೂತರು. ಏನೂ ಬರಲಿಲ್ಲ. ನೀರು ಮಾತ್ರ ಬಾಗಿಲ ಕೆಳಗಿಂದ ನಾಲಿಗೆ ಚಾಚಿತು. ಹತ್ತಿಸಿದರು. ಊಟದ ಹೊತ್ತಿಗೆ ಮತ್ತೆ ಸುಂಟರಗಾಳಿ. ಈ ಸಲ ಕೆಳಗೆ ಪಾದ ಮುಳುಗುವ ನೀರು. ದೊಡ್ಡಮ್ಮನ ಕಾಲನ್ನು ಮೆಲ್ಲಿ ತನ್ನ ತೊಡೆಯ ಮೇಲಿಟ್ಟುಕೊಂಡು ತಾನು ನೀರಿನಲ್ಲೇ ಕೂತಳು. ಅರ್ಧ ಗಂಟೆಯಾದ ಮೇಲೆ ಗಾಳಿ ನದಿಯ ಆಚೆ ದಡದ ಬಯಲಲ್ಲಿ ಹಾದುಹೋಯಿತು ಎಂದು ರೇಡಿಯೋ ಹೇಳಿತು.

"ಅವಳು ಹೇಳಿದ್ದೆಲ್ಲ ಬಂದಿದ್ರೆ ಇಷ್ಟೊತ್ತಿಗೆ ನಾವು ನಕ್ಷತ್ರದ ಪಕ್ಕ ಮನೆ ಮಾಡ್ಕೊಂಡಿರ್ತಿದ್ವಿ," ಅಂದ ಅಣ್ಣ. ಆಮೇಲೆ ಮೆಲ್ಲಿಯ ಕಡೆ ತಿರುಗಿ, "ನೀನೂ ಅಷ್ಟೇ. ವರ್ಷಕ್ಕೆ ನಾಲ್ಕು ಮಾತಾಡೋಳು, ಇವತ್ತು ಅಷ್ಟನ್ನೂ ಖರ್ಚು ಮಾಡ್ತಿದೀಯ," ಅಂದ.

ಅದು ತಮಾಷೆಯೇ. ಆದರೂ ಮೆಲ್ಲಿಗೆ ಚುಚ್ಚಿತು.

ಮೂರನೇ ಸಲ ಹತ್ತಿಸುವಾಗ ಅಣ್ಣ ನಡುಮಹಡಿಯಲ್ಲಿ ನಿಲ್ಲಲಿಲ್ಲ. "ಮೇಲಕ್ಕೇ ಹೋಗ್ಬಿಡೋಣ. ನೀರು ಇನ್ನೂ ಏರಿದ್ರೆ ಮತ್ತೆ ಹೊರೋದು ನನ್ನ ಕೈಲಾಗಲ್ಲ. ಅಲ್ಲಿ ಹಾಸಿಗೆಗಳೂ ಇವೆ, ಅಮ್ಮ ಮಲಗಲಿ."

"ತಗಡು, ರೀ," ಅಂದಳು ಅತ್ತಿಗೆ.

"ಹೋದ ವರ್ಷ ತಾನೆ ಹೊಸ ಮೊಳೆ ಹೊಡೆಸಿರೋದು."

ಅತ್ತಿಗೆ ಮತ್ತೆ ಹಿಡಿಕೆಗಳಿಗೆ ಕೈ ಹಾಕಿದಳು. ವಾದ ಮಾಡುವುದಕ್ಕೂ ತೋಳಲ್ಲಿ ಶಕ್ತಿ ಬೇಕಿತ್ತು. ಹಾಗೆ ಎಲ್ಲರೂ ತಗಡಿನ ಕೋಣೆಗೆ ಬಂದರು.

ಅಲ್ಲಿ ನೋಡಿದರೆ ಹೊಸ ಮೊಳೆಗಳ ಪಕ್ಕದಲ್ಲೇ ಎರಡು ಕಡೆ ಸೋರುತ್ತಿತ್ತು. ಹಾಸ್ಟೆಲ್ ಒಂದಕ್ಕೆ ಹೊಲಿದಿಟ್ಟ ಮೂವತ್ತು ಹಾಸಿಗೆಗಳು ಕೋಣೆಯ ತುಂಬ. ಹತ್ತಿ ಹಾಸಿಗೆ ಒಂದು ಸಲ ನೀರು ಕುಡಿದರೆ ಎಮ್ಮೆ ಮಲಗಿದ ಹಾಗೆ. ಎತ್ತಲೂ ಆಗದು, ಒಣಗುವುದೂ ಇಲ್ಲ. ಅಣ್ಣ ಒಂದು ಗಳಿಗೆ ತಲೆಯೆತ್ತಿ ಸೋರುವುದನ್ನು ನೋಡಿದ. ಆಮೇಲೆ ಎದ್ದು ಮೂಲೆಯಿಂದ ಟಾರ್ಪಾಲು ಎಳೆದ.

"ಇವತ್ತೇ ಆಗ್ಬೇಕಾ?" ಅಂದಳು ಅತ್ತಿಗೆ.

"ಮತ್ತೆ ಯಾವಾಗ? ಎಲ್ಲ ನೆಂದ ಮೇಲಾ?"

ದೊಡ್ಡಮ್ಮನನ್ನು ಒಣ ಮೂಲೆಗೆ ಸರಿಸಿ, ಮುರಿದ ಕಡೆಯ ಕಾಲನ್ನು ಎರಡು ಹಾಸಿಗೆಗಳ ಮೇಲೆ ನೀಡಿಸಿದರು. ಕೂತ ಕುರ್ಚಿಯಲ್ಲೇ ಅವಳ ಕಣ್ಣು ಮುಚ್ಚಿಕೊಂಡಿತು. ಎರಡು ದಿನದಿಂದ ನೋವಿಗೆ ಅವಳು ಮಲಗಿರಲಿಲ್ಲ. ನಿದ್ದೆ ಬಂದರೆ ಅವಳ ಕೆಳದುಟಿ ಸಡಿಲವಾಗಿ ಸ್ವಲ್ಪ ಜೋತುಬೀಳುತ್ತದೆ; ಮೆಲ್ಲಿಗೆ ಅದು ಚೆನ್ನಾಗಿ ಗೊತ್ತು. ತುಟಿ ಜೋತುಬಿತ್ತು. ಮೆಲ್ಲಿ ರೇಡಿಯೋದ ದನಿ ಇಳಿಸಿ, ಅವಳ ಪಕ್ಕದಲ್ಲೇ ನೆಲಕ್ಕೆ ಕೂತು, ಪೆಟ್ಟಿಗೆಯನ್ನು ಕಿವಿಗೆ ಒತ್ತಿಕೊಂಡಳು.

ಎರಡೆರಡು ಹಾಸಿಗೆಗಳನ್ನು ಜೊತೆಗೆ ಒಟ್ಟಿ, ಅಂಚಿನ ಮೇಲೆ ನಿಲ್ಲಿಸಿ, ಸುತ್ತ ಟಾರ್ಪಾಲು ಹೊದಿಸಿ, ದಬ್ಬಣದಿಂದ ಆರಪಾರ ದಾರ ಹಾಯಿಸಿ ಸಾಲಾಗಿ ಗಂಟು ಹಾಕುತ್ತ ಹೋಗುವುದು ಕೆಲಸ. ಒಂದು ಸಾಲಿಗೆ ಹನ್ನೊಂದು ಗಂಟು. ಹಾಸಿಗೆ ನಡುವೆ ಗೋಡೆಯ ಹಾಗೆ ನಿಂತಿರುವುದರಿಂದ ಈ ಕಡೆಯವರಿಗೆ ಆ ಕಡೆಯವರು ಕಾಣುವುದಿಲ್ಲ. ಆ ಕಡೆಯವರು ದಬ್ಬಣ ಬರಬೇಕಾದ ಜಾಗದಲ್ಲಿ ಅಂಗೈಯಿಂದ ಎರಡು ಸಲ ತಟ್ಟಬೇಕು, ತಟ್ಟಿ ಕೈ ತೆಗೆಯಬೇಕು; ಆಗ ಈ ಕಡೆಯವರು ಭಾರ ಹಾಕಿ ಚುಚ್ಚುತ್ತಾರೆ. ತಟ್ಟು, ತೆಗೆ, ಚುಚ್ಚು. ನಡುವೆ ಯಾರಾದರೂ ಮಾತಾಡಿದರೆ ತಟ್ಟಿದ ಕೈ ತೆಗೆಯುವುದನ್ನು ಮರೆಯುತ್ತದೆ. ಹಿಂದೊಮ್ಮೆ ದೊಡ್ಡಪ್ಪ ಬಾಗಿಲಲ್ಲಿ ನಿಂತು "ಚಹಾ ಆರ್ತಿದೆ" ಎಂದದ್ದಷ್ಟೇ, ಮೊಳಕೈಯುದ್ದದ ದಬ್ಬಣ ದೊಡ್ಡಮ್ಮನ ಹೆಬ್ಬೆರಳ ಬುಡದಲ್ಲಿ ಹೊಕ್ಕು ಆಚೆ ಬಂದಿತ್ತು. ಆ ಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಅಂದಿನಿಂದ ಆ ಮನೆಯಲ್ಲಿ ಒಂದೇ ಕಟ್ಟಳೆ: ಸಾಲು ಮುಗಿಯುವವರೆಗೆ ಯಾರೂ ಬಾಯಿ ಬಿಡಕೂಡದು. ಹಾಲು ಉಕ್ಕಲಿ, ನೆಂಟರು ಬರಲಿ, ಹನ್ನೊಂದನೇ ಗಂಟು ಬಿದ್ದ ಮೇಲೆ ಮಾತು. ಮೆಲ್ಲಿ ಬೆಳೆದದ್ದೇ ಆ ಕಟ್ಟಳೆಯಲ್ಲಿ. ಎಷ್ಟೋ ಸಲ, ಹೇಳಬೇಕೆಂದುಕೊಂಡದ್ದು ಸಾಲು ಮುಗಿಯುವುದರೊಳಗೆ ಹೇಳುವ ಅಗತ್ಯವೇ ಇಲ್ಲದ ಹಾಗಾಗಿ ಅವಳಲ್ಲೇ ಕರಗಿಹೋಗುತ್ತಿತ್ತು.

ಅಣ್ಣ ಈ ಕಡೆ, ಅತ್ತಿಗೆ ಆ ಕಡೆ. ಮೂರು ಜೊತೆ ಮುಗಿದವು. ನಾಲ್ಕನೇ ಜೊತೆಯ ಮೊದಲ ಸಾಲು ಶುರುವಾಯಿತು. ಹೊರಗೆ ಮಳೆ ಒಂದೇ ಸಮ. ತಗಡಿನ ಮೇಲೆ ಅದರ ಸದ್ದಿಗೆ ಕಿವಿ ಒಗ್ಗಿಹೋಗಿ ಸದ್ದೇ ಇಲ್ಲವೇನೋ ಅನ್ನಿಸುತ್ತಿತ್ತು. ಮೂರನೇ ಗಂಟು ಬಿತ್ತು. ನಾಲ್ಕನೆಯದಕ್ಕೆ ಅತ್ತಿಗೆ ತಟ್ಟಿದಳು.

ಆಗ ರೇಡಿಯೋದವಳು ಓದುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟಳು. ಬೆಳಗಿನಿಂದ ಅವಳು ಹಾಗೆ ಮಾಡಿರಲಿಲ್ಲ.

ಬೆಳಗಿನಿಂದ ಕೇಳಿ ಕೇಳಿ ಮೆಲ್ಲಿಗೆ ಒಂದು ವ್ಯತ್ಯಾಸ ತಿಳಿದಿತ್ತು. ಸುಂಟರಗಾಳಿ ಏಳಬಹುದು, ಸಿದ್ಧವಾಗಿರಿ ಅನ್ನುವುದು ಒಂದು. ಕಂಡಿದೆ, ಈಗಲೇ ಹೋಗಿ ಅನ್ನುವುದು ಇನ್ನೊಂದು. ಈಗ ಬಂದದ್ದು ಎರಡನೆಯದು. ಹಳೇ ಸೇತುವೆಯ ಹತ್ತಿರ ನೆಲ ಮುಟ್ಟಿದೆ, ಬಸ್ ಡಿಪೋ ಕಡೆಗೆ ಬರುತ್ತಿದೆ. ತಗಡಿನ ಸೂರಿನ ಕೆಳಗಿರುವವರು ಕೂಡಲೇ ಅಲ್ಲಿಂದ ಹೊರಡಿ. ಕೆಳಗೆ ನೀರಿದ್ದರೆ ನೀರಿಗೆ ಇಳಿಯಬೇಡಿ; ನೀರಿಗಿಂತ ಮೇಲೆ, ಸೂರಿಗಿಂತ ಕೆಳಗೆ, ಕಿಟಕಿಯಿಲ್ಲದ ಒಳಕೋಣೆ ನೋಡಿಕೊಳ್ಳಿ. ತಲೆಯ ಮೇಲೆ ಹಾಸಿಗೆಯೋ ದಪ್ಪ ಹೊದಿಕೆಯೋ ಇರಲಿ.

ಡಿಪೋ ಅಂದರೆ ಮೂರು ಬೀದಿ ಆಚೆ.

ನಾಲ್ಕನೇ ಗಂಟು ಬಿತ್ತು. ಮೆಲ್ಲಿ ಬಾಯಿ ತೆಗೆದಳು. ಅತ್ತಿಗೆ ಐದನೆಯದಕ್ಕೆ ತಟ್ಟಿದಳು. ಮೆಲ್ಲಿ ಬಾಯಿ ಮುಚ್ಚಿದಳು.

ಇನ್ನು ಏಳು ಗಂಟು. ಒಂದಕ್ಕೆ ಇಪ್ಪತ್ತು ಎಣಿಸುವಷ್ಟು ಹೊತ್ತು. ಮುಗಿದ ಕೂಡಲೇ ಹೇಳಿಬಿಡುತ್ತೇನೆ, ಕಟ್ಟಳೆ ಇರುವುದೇ ಹಾಗೆ, ಯಾರೂ ತಪ್ಪು ಅನ್ನುವ ಹಾಗಿಲ್ಲ ಅಂದುಕೊಂಡಳು. ಆದರೆ ಅಂದುಕೊಳ್ಳುತ್ತಿದ್ದಾಗಲೇ ಅವಳಿಗೆ ಗೊತ್ತಿತ್ತು, ಕಟ್ಟಳೆಯದು ಅರ್ಧ ಪಾಲು ಮಾತ್ರ. ಇನ್ನರ್ಧ ಅವಳ ಹೆಗಲು. ಮತ್ತೆ ಆ ಕಾಲು ಹಿಡಿದು, ಬೆನ್ನು ಬಗ್ಗಿಸಿ, ಗೋಡೆಗೆ ಮೈ ತೀಡುತ್ತ ಇಳಿಯಬೇಕು. ಅಣ್ಣ ಮೊದಲು ಅವಳ ಮುಖ ನೋಡುತ್ತಾನೆ. ಏನೂ ಬರದಿದ್ದರೆ ಮತ್ತೆ ಹತ್ತಬೇಕು. ಎರಡು ಸಲ ಬರಲಿಲ್ಲ. ಈ ಸಲವೂ ಬರುವುದಿಲ್ಲವೇನೋ. ದೊಡ್ಡಮ್ಮ ಈಗ ತಾನೆ ಕಣ್ಣು ಮುಚ್ಚಿದ್ದಾಳೆ. ಪಾಪ, ಮಲಗಲಿ.

ಹಾಗೆಂದು ದೊಡ್ಡಮ್ಮನ ಮುಖ ನೋಡಿದಳು. ಕಣ್ಣು ಮುಚ್ಚಿಯೇ ಇತ್ತು. ಆದರೆ ಕೆಳದುಟಿ ಜೋತುಬಿದ್ದಿರಲಿಲ್ಲ. ಬಿಗಿಯಾಗಿ ಮೇಲಿನದಕ್ಕೆ ಅಂಟಿತ್ತು. ಯಾಕೆ ಹೀಗೆ ಎಂದು ಮೆಲ್ಲಿಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಆರನೇ ಗಂಟು.

ಏಳು.

ಎಂಟನೆಯದಕ್ಕೆ ಅತ್ತಿಗೆ ತಟ್ಟುವ ಹೊತ್ತಿಗೆ ಏನೋ ಬದಲಾಯಿತು. ಬೆಳಗಿನಿಂದ ಪಟಪಟ ಅನ್ನುತ್ತಿದ್ದ ತಗಡು ತಟ್ಟನೆ ಸುಮ್ಮನಾಯಿತು. ಮೆಲ್ಲಿಯ ಎರಡೂ ಕಿವಿ ಬಾವಿಗೆ ಇಳಿದ ಹಾಗೆ ಮುಚ್ಚಿಕೊಂಡವು. ಕಿಟಕಿ ಗಾಜಿನ ಆಚೆಯ ಬೆಳಕು ಪಾಚಿ ಕಟ್ಟಿದ ನೀರಿನ ಬಣ್ಣಕ್ಕೆ ತಿರುಗಿತ್ತು.

"ಸಾಲು ಬಿಡಿ!"

ಅದು ತನ್ನ ದನಿ ಎಂದು ಅವಳಿಗೇ ನಂಬಲಾಗಲಿಲ್ಲ. ಅಷ್ಟು ಜೋರಾಗಿತ್ತು. ಅಣ್ಣನ ದಬ್ಬಣ ಆಗಲೇ ಟಾರ್ಪಾಲಿನೊಳಗೆ ಅರ್ಧ ಹೋಗಿತ್ತು. ಬೆಚ್ಚಿದ ರಭಸಕ್ಕೆ ಪೂರ್ತಿ ಹೋಯಿತು. ಆ ಕಡೆಯಿಂದ ಅತ್ತಿಗೆ "ಅಮ್ಮಾ" ಎಂದು ಕಿರುಚಿದಳು.

"ಏನೇ ನಿನಗೆ ಬಂದಿರೋದು!" ಅಣ್ಣ ಗರ್ಜಿಸಿದ.

"ಡಿಪೋ ಹತ್ರ ಬಂದಿದೆ. ಕಂಡಿದೆ ಅಂದ್ರು. ತಗಡಿನ ಕೆಳಗೆ ಇರ್ಬೇಡಿ ಅಂದ್ರು. ಈಗ್ಲೇ ಅಣ್ಣ, ಈಗ್ಲೇ."

ಅಣ್ಣ ಅವಳ ಮುಖ ನೋಡಿದ. ಅವಳು ಹೆದರಿಕೊಂಡಿದ್ದ ನೋಟವೇ ಅದು, ಸುಸ್ತಿಗೂ ಸಿಟ್ಟಿಗೂ ನಡುವಿನ ನೋಟ. ಆ ಗಳಿಗೆಯಲ್ಲಿ ಅವನು ಇಲ್ಲ ಎಂದಿದ್ದರೆ ಅವಳ ಹತ್ತಿರ ಎರಡನೇ ಕೂಗು ಇರಲಿಲ್ಲ.

"ಎತ್ತೋ," ಅಂದಳು ದೊಡ್ಡಮ್ಮ. ಕಣ್ಣು ಪೂರ್ತಿ ತೆರೆದಿತ್ತು. "ಅವಳು ಕೂಗಿದಾಳೆ ಅಂದ್ರೆ ನೋಡ್ತಾ ನಿಂತ್ಕೊಳ್ತಾರೇನೋ? ಎತ್ತು."

ಅತ್ತಿಗೆ ರಕ್ತ ಸೋರುವ ಅಂಗೈಯನ್ನು ಸೆರಗಿನಲ್ಲಿ ಸುತ್ತಿ, ಇನ್ನೊಂದು ಕೈಯಿಂದ ಹಿಡಿಕೆ ಹಿಡಿದಳು. ಒಂದೇ ಕೈಗೆ ಕುರ್ಚಿ ಒಂದು ಕಡೆ ವಾಲಿತು. ಮೆಲ್ಲಿ ಕಾಲನ್ನು ಹೆಗಲ ಮೇಲಿಟ್ಟುಕೊಂಡು ಆ ಕಡೆಯ ಹಿಡಿಕೆಗೂ ಕೈ ಹಾಕಿದಳು. ಹದಿನಾಲ್ಕು ಮೆಟ್ಟಿಲು. ದೊಡ್ಡಮ್ಮನ ಬಾಯಿಂದ ಒಂದು ಮಾತಿಲ್ಲ, ಒಂದು ನರಳಾಟವಿಲ್ಲ. ಹಿಡಿಕೆ ಕಿತ್ತುಬರದಿರಲಿ ಅನ್ನುವಂತೆ ತಾನೂ ಉಸಿರು ಹಿಡಿದುಕೊಂಡಿದ್ದಳು. ನಡುಮಹಡಿಯ ನಡುಮಧ್ಯದಲ್ಲಿ ಬಚ್ಚಲುಮನೆ. ಅದಕ್ಕೆ ಕಿಟಕಿಯಿಲ್ಲವೆಂದು ಅತ್ತಿಗೆ ಮದುವೆಯಾಗಿ ಬಂದಂದಿನಿಂದ ದೂರುತ್ತಿದ್ದಳು. ಕುರ್ಚಿ ಸಮೇತ ದೊಡ್ಡಮ್ಮನನ್ನು ಅದರೊಳಗೆ ತುರುಕಿದರು. ಅಣ್ಣ ಪಕ್ಕದ ಕೋಣೆಯಿಂದ ತನ್ನ ಹಾಸಿಗೆಯನ್ನೇ ಎಳೆದುತಂದು ಎಲ್ಲರ ತಲೆಯ ಮೇಲೆ ಕವಿಚಿ ಬಾಗಿಲು ಹಾಕಿದ.

ಮೊದಲು ಬಾಗಿಲು ತಾನಾಗಿ ಉಸಿರಾಡಿತು, ಒಳಗೆ ಹೊರಗೆ, ಒಳಗೆ ಹೊರಗೆ. ಆಮೇಲೆ ಸದ್ದು. ಮೆಲ್ಲಿಗೆ ಆಮೇಲೂ ಅದನ್ನು ಯಾವುದಕ್ಕೆ ಹೋಲಿಸಬೇಕೆಂದು ತಿಳಿಯಲಿಲ್ಲ. ಮೇಲೆ ಯಾರೋ ಬಲು ದೊಡ್ಡ ಬಟ್ಟೆಯನ್ನು ಅಂಚಿನಿಂದ ಅಂಚಿಗೆ ಪರ್ರನೆ ಹರಿದ ಹಾಗಿತ್ತು. ಮೊಳೆಗಳು ಒಂದೊಂದಾಗಿ ಕಿತ್ತುಬರುವುದು ಕೇಳಿಸಿತು, ಆಮೇಲೆ ಒಟ್ಟಿಗೇ ಕೇಳಿಸಿತು. ಅತ್ತಿಗೆಯ ರಕ್ತ ಮೆಲ್ಲಿಯ ಮೊಣಕಾಲ ಮೇಲೆ ಬೆಚ್ಚಗೆ ತೊಟ್ಟಿಕ್ಕುತ್ತಿತ್ತು. ಅಣ್ಣ ಎರಡೂ ತೋಳಿನಿಂದ ಹಾಸಿಗೆಯನ್ನು ಒತ್ತಿ ಹಿಡಿದು, ಚಿಕ್ಕ ಮಕ್ಕಳನ್ನು ಸಮಾಧಾನ ಮಾಡುವ ಹಾಗೆ "ಆಯ್ತು, ಆಯ್ತು, ಆಯ್ತು" ಅನ್ನುತ್ತಿದ್ದ.

ಎಲ್ಲ ಸೇರಿ ಒಂದು ಗಂಟು ಹಾಕುವಷ್ಟು ಹೊತ್ತು. ಆಮೇಲೆ ಮಳೆಯ ಸದ್ದು ವಾಪಸು ಬಂತು. ತಗಡಿನ ಮೇಲಿನ ಸದ್ದಲ್ಲ. ಬೇರೆ ಸದ್ದು, ಮೆತ್ತಗಿನದು, ಹತ್ತಿಯ ಮೇಲೆ ಬೀಳುವ ಮಳೆ.

ಇನ್ನೂ ಹೊರಗೆ ಬರಬೇಡಿ ಎಂದು ರೇಡಿಯೋ ಹೇಳುತ್ತಿತ್ತು. ಬರಲಿಲ್ಲ. ಕತ್ತಲಲ್ಲಿ ದೊಡ್ಡಮ್ಮನ ಕೈ ಮೆಲ್ಲಿಯ ತಲೆ ಹುಡುಕಿ ಹಿಡಿದುಕೊಂಡಿತು. ನೆಟ್ಟಗಾಗದ ಹೆಬ್ಬೆರಳು ಅವಳ ಕಿವಿಗೆ ತಾಗಿತು.

"ಯಾವ ಗಂಟಿಗೆ ಹೇಳಿದ್ಲು ಅವಳು?" ದೊಡ್ಡಮ್ಮ ಪಿಸುಗುಟ್ಟಿದಳು.

"ನಾಲ್ಕನೇದಕ್ಕೆ."

"ಹೂಂ. ನನಗೂ ನಾಲ್ಕಕ್ಕೇ ಕೇಳಿಸ್ತು."

"ನೀನು ಎದ್ದಿದ್ಯಾ?"

"ಎಲ್ಲಿಯ ನಿದ್ದೆ? ಡಿಪೋ ಅಂದಿದ್ದೂ ಕೇಳಿಸ್ತು, ತಗಡು ಅಂದಿದ್ದೂ ಕೇಳಿಸ್ತು." ದೊಡ್ಡಮ್ಮನ ಕೈ ಮೆಲ್ಲಿಯ ತಲೆ ಸವರಿತು. "ಮತ್ತೆ ನನ್ನನ್ನ ಹೊರ್ಬೇಕಲ್ಲ ಅನ್ನಿಸ್ತು ಕಣೇ. ಇವನ ಮುಖ ನೋಡಿದ್ದೆ. ನಿನ್ನ ಅತ್ತಿಗೆ ಬೆರಳು ನೋಡಿದ್ದೆ. ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ, ಒಂದು ಸಲ ಇವರು ಕೂತ್ಕೊಳ್ಲಿ ಅಂತ ಕಣ್ಣು ಮುಚ್ಕೊಂಡಿದ್ದೆ. ಇವರೂ ಅಲ್ಲೇ ಕೂತಿದಾರೆ ಅನ್ನೋದು ಈ ಹಾಳು ತಲೆಗೆ ಹೊಳೀಲಿಲ್ಲ ನೋಡು."

ಅಣ್ಣ ಕೇಳಿಸಿಕೊಂಡ ಎಂದು ಮೆಲ್ಲಿಗೆ ಗೊತ್ತಾಯಿತು. ಅವನ "ಆಯ್ತು ಆಯ್ತು" ನಿಂತುಹೋಗಿತ್ತು.

ಹೊರಗೆ ಬಂದು ಮೇಲಕ್ಕೆ ಹೋಗಿ ನೋಡಿ ಬಂದವನು ಅಣ್ಣನೊಬ್ಬನೇ. ಕೆಳಗಿಳಿದು ಬಂದು, ಕೈಯಿಂದ ಇಷ್ಟೇ ಮಾಡಿ ತೋರಿಸಿದ: ಬೋಳು. ಟಾರ್ಪಾಲಿನಲ್ಲಿ ಹೊಲಿದ ಮೂರು ಜೊತೆ ಕೋಣೆಯ ಮೂಲೆಯಲ್ಲಿ ಬಿದ್ದಿವೆ, ಉಳಿದವು ನೀರು ಕುಡಿಯುತ್ತಿವೆ, ಅವನ್ನು ಈಗ ಅಲ್ಲಾಡಿಸಲೂ ಆಗುವುದಿಲ್ಲ ಅಂದ. ಅಮ್ಮ ಕೂತಿದ್ದ ಜಾಗದಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕು ಬಂದು ಕೂತಿದೆ ಎಂದು ಹೇಳಲು ಹೋದವನು ಅರ್ಧಕ್ಕೇ ನಿಲ್ಲಿಸಿ, ಬ್ರೆಡ್ಡಿನ ಪೊಟ್ಟಣ ಬಿಚ್ಚಿದ.

ಮೆಲ್ಲಿ ಕ್ಯಾನಿನ ನೀರಿನಲ್ಲಿ ಅತ್ತಿಗೆಯ ಅಂಗೈ ತೊಳೆದು, ಮಾತ್ರೆಯ ಚೀಲದಲ್ಲಿದ್ದ ಮುಲಾಮು ಹಚ್ಚಿ, ಶುಭ್ರವಾದ ಬಟ್ಟೆ ಕಟ್ಟಿದಳು. ದಬ್ಬಣ ಮಾಂಸದಲ್ಲಿ ಮಾತ್ರ ಹೋಗಿತ್ತು, ಮೂಳೆ ತಪ್ಪಿತ್ತು. ದಾರಿ ಬಿಟ್ಟ ಕೂಡಲೇ ಇಂಜೆಕ್ಷನ್ ಹಾಕಿಸಬೇಕು. ಕಟ್ಟುತ್ತ ಕಟ್ಟುತ್ತ, ತಲೆ ಎತ್ತದೆ, "ನಾಲ್ಕನೇ ಗಂಟಿಗೇ ಹೇಳ್ಬಹುದಿತ್ತು ಅತ್ತಿಗೆ. ನಿಮ್ಮ ಕೈ ಉಳೀತಿತ್ತು," ಅಂದಳು.

ಅತ್ತಿಗೆ ಅವಳ ನೆತ್ತಿಯನ್ನು ನೋಡಿದಳು.

"ಕೋಪ ಬಂದಿದೆ ನನಗೆ," ಅಂದಳು. "ಸುಳ್ಳು ಹೇಳಲ್ಲ. ಆದ್ರೆ ನೀನು ನಾಲ್ಕಕ್ಕೆ ಹೇಳಿದ್ರೆ ನಾನೇನಂತಿದ್ದೆ ಗೊತ್ತಾ? ಈ ಸಾಲೊಂದು ಮುಗಿಸಿ ಏಳೋಣ ತಾಳು ಅಂತಿದ್ದೆ." ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಳು. "ಗಂಟು ಬಿಗಿಯಾಯ್ತು. ಸ್ವಲ್ಪ ಸಡಿಲ ಮಾಡು."

ಸಡಿಲ ಮಾಡಿದಳು.

ಸಂಜೆಯ ಬೂದು ಬೆಳಕು ಇನ್ನೂ ಇತ್ತು. ಕೆಳಗೆ ನೀರು ನಾಲ್ಕನೇ ಮೆಟ್ಟಿಲಲ್ಲಿ ನಿಂತಿತ್ತು, ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಮೆಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಗಾಗ ನೋಡಿ ಬರುತ್ತಿದ್ದಳು. ದೊಡ್ಡಮ್ಮನ ಕುರ್ಚಿಯನ್ನು ಅಣ್ಣ ಈಗ ಬಚ್ಚಲುಮನೆಯ ಬಾಗಿಲ ಪಕ್ಕದಲ್ಲೇ ಇಟ್ಟಿದ್ದ. ಹಾಸಿಗೆಯೂ ಅಲ್ಲೇ ಗೋಡೆಗೆ ಒರಗಿತ್ತು. ಬೆಳಿಗ್ಗೆಯೇ ಹೀಗೆ ಮಾಡಬಹುದಿತ್ತು.

ಮೆಲ್ಲಿ ರೇಡಿಯೋದ ಹಿಡಿ ತಿರುಗಿಸುತ್ತಿದ್ದಳು. ತಿರುಗಿಸುತ್ತ ತಿರುಗಿಸುತ್ತ ಕೈ ನಿಂತಿತು. ನಿಲ್ಲಿಸಬೇಕೆಂದು ಅವಳು ನಿಲ್ಲಿಸಿದ್ದಲ್ಲ. ರಟ್ಟೆ ತಾನಾಗಿ ಕೆಳಗೆ ಬಿತ್ತು.

"ಕೊಡಿಲ್ಲಿ," ಅಂದಳು ದೊಡ್ಡಮ್ಮ.

"ನೀನು ಮಲಕ್ಕೋ ದೊಡ್ಡಮ್ಮ."

"ಕಣ್ಣು ಮುಚ್ಚಿ ಮಾಡಿದ್ದು ಸಾಕು. ಮುರಿದಿರೋದು ಸೊಂಟ, ಕೈಗೇನಾಗಿದೆ ರೋಗ? ಕೊಡು ಅಂದ್ರೆ."

ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ನೆಟ್ಟಗಾಗದ ಹೆಬ್ಬೆರಳನ್ನು ಹಿಡಿಗೆ ಸಿಕ್ಕಿಸಿ, ದೊಡ್ಡಮ್ಮ ತಿರುಗಿಸತೊಡಗಿದಳು. ಹತ್ತಿ ನೂಲು ಸುತ್ತುವಾಗಿನ ಅದೇ ಲಯ, ಆತುರವಿಲ್ಲದ್ದು. ದನಿಯನ್ನು ಎಲ್ಲರಿಗೂ ಕೇಳುವಷ್ಟು ಏರಿಸಿದಳು. ಮೆಲ್ಲಿ ಅವಳ ಕಾಲ ಬಳಿ ಗೋಡೆಗೆ ತಲೆಯಾನಿಸಿದಳು. ಬೆಳಗಿನಿಂದ ಮೊದಲ ಸಲ, ಕೇಳಿಸಿಕೊಳ್ಳುವ ಕೆಲಸ ಅವಳೊಬ್ಬಳದಾಗಿರಲಿಲ್ಲ. ಅಣ್ಣ ಆಗಲೇ ಗೊರಕೆ ಹೊಡೆಯುತ್ತಿದ್ದ. ಅತ್ತಿಗೆ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಬಾಗಿಲ ಚೌಕಟ್ಟನ್ನು ದಿಟ್ಟಿಸುತ್ತಿದ್ದಳು. ಮೆಲ್ಲಿಯ ರೆಪ್ಪೆಗಳು ಕೂಡಿಕೊಂಡವು.

ಎಷ್ಟು ಹೊತ್ತೋ ಏನೋ. ರೇಡಿಯೋದವಳು ಮತ್ತೆ ವಾಕ್ಯದ ನಡುವೆ ನಿಲ್ಲಿಸಿದಳು. ಅವಳು ಮುಂದಿನದಕ್ಕೆ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮನ ದನಿ ಮಹಡಿಯನ್ನೆಲ್ಲ ತುಂಬಿತು.

"ಏಳ್ರಪ್ಪಾ! ನಿಲ್ಲಿಸಿದ್ಲು ಅವಳು! ಏಳು ಮಗಾ, ಎತ್ತು ನನ್ನನ್ನ!"

ಅಣ್ಣ ಗೋಡೆ ಹಿಡಿದು ಎದ್ದ. ಅತ್ತಿಗೆ ಆಗಲೇ ಎಡಗೈಯನ್ನು ಹಿಡಿಕೆಗೆ ಹಾಕಿದ್ದಳು. ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಮೆಲ್ಲಿ ಆ ಭಾರದ ಕಾಲನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡಳು. ಬಚ್ಚಲುಮನೆ ನಾಲ್ಕೇ ಹೆಜ್ಜೆ.